ಅರೆಮುಖದ ಸೆಳೆತ: ವಾತದಿಂದ ರಕ್ತನಾಳದವರೆಗೆ

ಕಣ್ಣು ಹಾರುವುದನ್ನು ಶಕುನವೆಂದೆಣಿಸುವ ರೂಢಿ ನಮ್ಮಲ್ಲಿ ಹಳೆಯದು. ಆದರೆ ಆ ಅದುರುವಿಕೆ ಒಂದೇ ಬದಿಯ ರೆಪ್ಪೆಯಲ್ಲಿ ಮೊದಲಾಗಿ, ಕ್ರಮೇಣ ಕೆನ್ನೆಗೂ ಬಾಯಿಯ ಅಂಚಿಗೂ ಹಬ್ಬಿ, ನಿದ್ರೆಯಲ್ಲಿಯೂ ಮರುಕಳಿಸಿದರೆ ಅದು ವ್ಯಾಧಿ. ವೈದ್ಯರು ಹೆಮಿಫೇಶಿಯಲ್ ಸ್ಪಾಸಂ ಎನ್ನುವ ಈ ಅರೆಮುಖದ ಸೆಳೆತದ ಕಾರಣವನ್ನು ಕುರಿತ ತಿಳಿವಳಿಕೆ ಬದಲಾದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸುಶ್ರುತ ಸಂಹಿತೆಯ ಉತ್ತರತಂತ್ರವು ರೆಪ್ಪೆಯ ರೋಗಗಳಲ್ಲಿ 'ನಿಮೇಷ'ವನ್ನು ಹೆಸರಿಸುತ್ತದೆ. ರೆಪ್ಪೆಯ ಸಿರೆಗಳನ್ನು ಹೊಕ್ಕ ವಾಯುವು ರೆಪ್ಪೆಗಳನ್ನು ಅತಿಯಾಗಿ ಅಲುಗಿಸುತ್ತದೆಂಬುದು ಅಲ್ಲಿನ ವಿವರಣೆ. ಈ ರೋಗವನ್ನು ಅಸಾಧ್ಯಗಳ ಸಾಲಿಗೆ ಸೇರಿಸಲಾಗಿದೆ. ತೆಂಗಳಿ, ಸೇಡಂ, ಚಿತ್ತಾಪುರಗಳ ಪರಿಸರಕ್ಕೆ ವೈದ್ಯಶಾಸ್ತ್ರದ ಚರ್ಚೆ ಅಪರಿಚಿತವಲ್ಲ. 9ನೆಯ ಶತಮಾನದಲ್ಲಿ ಕಾಗಿಣಾ ದಂಡೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಸಭೆಯಲ್ಲಿ, 'ಕಲ್ಯಾಣಕಾರಕ'ದ ಕರ್ತೃ ಉಗ್ರಾದಿತ್ಯಾಚಾರ್ಯನು ಮಾಂಸಸೇವನೆಯನ್ನು ನಿರಾಕರಿಸಿ ವಾದಿಸಿದನೆಂದು ಆ ಗ್ರಂಥದ ಹಿತಾಹಿತಾಧ್ಯಾಯದಿಂದ ತಿಳಿದುಬರುತ್ತದೆ.

ಆದರೆ 'ಸಿರೆ' ಎಂಬ ಪದವೊಂದನ್ನೇ ಹಿಡಿದು ಪ್ರಾಚೀನರು ಇಂದಿನ ಕಾರಣವನ್ನೇ ಅರಿತಿದ್ದರೆನ್ನುವುದು ಯುಕ್ತವಲ್ಲ. ಅವರು ಹೇಳಿದ್ದು ರೆಪ್ಪೆಯ ಸಿರೆಯನ್ನು. ಇಂದು ತಿಳಿದಿರುವ ನೆಲೆ ಮುಖದ ನರವು ಮಿದುಳಕಾಂಡದಿಂದ ಹೊರಡುವ ಸ್ಥಾನ. 1875ರಲ್ಲಿ ಜರ್ಮನಿಯ ಷುಲ್ಟ್ಸೆ ಇಂಥ ರೋಗಿಯೊಬ್ಬನ ಮರಣೋತ್ತರ ಪರೀಕ್ಷೆಯಲ್ಲಿ, ಉಬ್ಬಿದ ಧಮನಿಯೊಂದು ಆ ನರವನ್ನು ಒತ್ತಿದ್ದುದನ್ನು ಕಂಡನು. ಧಮನಿಯ ಮಿಡಿತದಿಂದ ನರದ ಹೊದಿಕೆ ಸವೆದು, ಸಂಕೇತಗಳು ತಾವಾಗಿಯೇ ಹುಟ್ಟುತ್ತವೆ. 1960ರ ದಶಕದಲ್ಲಿ ಅಮೆರಿಕದ ಗಾರ್ಡ್ನರ್, ತರುವಾಯ ಪೀಟರ್ ಜಾನೆಟ್ಟಾ ಇವರಿಂದ ಈ ಅರಿವು ಶಸ್ತ್ರಚಿಕಿತ್ಸೆಯ ರೂಪ ತಳೆಯಿತು. ಕಿವಿಯ ಹಿಂಬದಿಯಲ್ಲಿ ತಲೆಬುರುಡೆಯನ್ನು ತೆರೆದು, ಸೂಕ್ಷ್ಮದರ್ಶಕದ ನೆರವಿನಿಂದ ಧಮನಿಯನ್ನು ಸರಿಸಿ, ನಡುವೆ ಟೆಫ್ಲಾನ್ ತುಣುಕನ್ನು ಇರಿಸುವುದು ಇಂದಿನ ಕ್ರಮ. ಬಹುಪಾಲು ರೋಗಿಗಳಿಗೆ ಇದು ಫಲಕಾರಿ. ಶ್ರವಣಶಕ್ತಿ ಕುಂದುವ ಅಪಾಯವೂ ಉಂಟು. 1989ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಬೊಟುಲಿನಮ್ ವಿಷದ ಚುಚ್ಚುಮದ್ದು ಸೆಳೆತವನ್ನು ಸುಮಾರು ಮೂರು ತಿಂಗಳು ತಗ್ಗಿಸುತ್ತದೆಯೇ ಹೊರತು ಮೂಲಕಾರಣವನ್ನು ನಿವಾರಿಸದು.

ಕರ್ನಾಟಕದಲ್ಲಿ ನರಚಿಕಿತ್ಸೆಯ ಪ್ರಮುಖ ಕೇಂದ್ರವಾದ ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ, ಮಾನಸಿಕ ಆಸ್ಪತ್ರೆ ಹಾಗೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳ ವಿಲೀನದಿಂದ ರೂಪುಗೊಂಡಿತು. ಮನಸ್ಸು ಮತ್ತು ನರ ಎರಡನ್ನೂ ಒಂದೇ ಹೆಸರಿನಲ್ಲಿ ಹೊತ್ತ ಈ ಸಂಸ್ಥೆಯ ನೆನಪು ಇಲ್ಲಿ ಉಚಿತ. ಏಕೆಂದರೆ ಈ ಸೆಳೆತವನ್ನು ಮನೋವಿಕಾರವೆಂದೋ ದುರಭ್ಯಾಸವೆಂದೋ ಬಗೆದು ರೋಗಿ ವರ್ಷಗಳನ್ನು ಕಳೆಯುವುದುಂಟು. ಹಳೆಯ ಹೆಸರುಗಳಿಗೆ ಇಂದಿನ ರೋಗಗಳನ್ನು ಸರಿಹೊಂದಿಸುವ ಸಂಶೋಧಕನು ಈ ಅಂತರವನ್ನು ಮರೆಯಬಾರದು. ಅಂದು ಅಸಾಧ್ಯವೆಂದು ಬರೆದದ್ದು ಅಂದಿನ ಪ್ರಾಮಾಣಿಕ ತೀರ್ಮಾನ. ಅದನ್ನು ಇಂದಿಗೂ ಅನ್ವಯಿಸುವುದು ರೋಗಿಗೆ ಬಗೆಯುವ ಅನ್ಯಾಯ.