ಎಪ್‌ವರ್ತ್‌ನ ಮನೆಶಾಲೆ

ಇಂಗ್ಲೆಂಡಿನ ಲಿಂಕನ್‌ಶೈರ್ ಸೀಮೆಯ ಎಪ್‌ವರ್ತ್ ಎಂಬ ಊರಿನ ಪಾದ್ರಿ ಮನೆಯಲ್ಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಒಂದು ಶಾಲೆ ನಡೆಯುತ್ತಿತ್ತು. ಕಲಿಸುತ್ತಿದ್ದವರು ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿಯವರ ಪತ್ನಿ ಸುಸನ್ನಾ. ಕಲಿಯುತ್ತಿದ್ದವರು ಅವರದೇ ಮಕ್ಕಳು. ಹೆತ್ತ 19 ಮಕ್ಕಳಲ್ಲಿ ಬದುಕಿ ದೊಡ್ಡವರಾದದ್ದು ಹತ್ತು ಮಂದಿ. ಮೆಥಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್, ಸಾವಿರಾರು ಸ್ತುತಿಗೀತೆಗಳನ್ನು ಬರೆದ ಚಾರ್ಲ್ಸ್ ಅವರಲ್ಲಿ ಇಬ್ಬರು. ಮೈಸೂರಿನಲ್ಲಿ ಕನ್ನಡ ಪುಸ್ತಕಗಳನ್ನು ಅಚ್ಚುಹಾಕುತ್ತಿದ್ದ ವೆಸ್ಲಿ ಪ್ರೆಸ್ಸಿನ ಹೆಸರಿಗೂ ಮೂಲ ಈ ಮನೆಯೇ.

ಮನೆಯಲ್ಲಿ ಬಡತನ ಕಾಲು ಮುರಿದುಕೊಂಡು ಬಿದ್ದಿತ್ತು. ಸಾಲ ತೀರಿಸಲಾಗದೆ ಸ್ಯಾಮ್ಯುಯೆಲ್ 1705ರಲ್ಲಿ ಲಿಂಕನ್ ಕೋಟೆಯ ಸೆರೆಮನೆ ಸೇರಿದರು. ಅಂಥ ಮನೆಯಲ್ಲಿ ದಿನಕ್ಕೆ ಆರು ಗಂಟೆ ಪಾಠ: ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು. ಮಗುವಿಗೆ ಐದು ವರ್ಷ ತುಂಬಿದಾಗ ಅಕ್ಷರಾಭ್ಯಾಸ. ಅದರ ಹಿಂದಿನ ದಿನವೇ ಮನೆಗೆಲಸವನ್ನೆಲ್ಲ ಹಂಚಿಕೊಟ್ಟು, ಪಾಠದ ಹೊತ್ತಿನಲ್ಲಿ ಕೋಣೆಗೆ ಯಾರೂ ಕಾಲಿಡಬಾರದೆಂದು ಹೇಳಲಾಗುತ್ತಿತ್ತು. ಒಂದೇ ದಿನದಲ್ಲಿ ಅಕ್ಷರಮಾಲೆ ಬರಬೇಕು. ಆಮೇಲೆ ನೇರವಾಗಿ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ. ಹೆಣ್ಣುಮಕ್ಕಳಾದ ಮಾಲಿ ಮತ್ತು ನ್ಯಾನ್ಸಿಗೆ ಮಾತ್ರ ಒಂದೂವರೆ ದಿನ ಬೇಕಾಯಿತು. ಆಗ ಅವರನ್ನು ಮಂದಬುದ್ಧಿಯವರೆಂದು ಎಣಿಸಿದ್ದ ತಾಯಿ, ಬೇರೆ ಮಕ್ಕಳು ಅಕ್ಷರಕ್ಕೆ ಎಷ್ಟು ಕಾಲ ತೆಗೆದುಕೊಳ್ಳುತ್ತಾರೆಂಬುದನ್ನು ಕಂಡಮೇಲೆ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು.

ಸುಸನ್ನಾ ಅವರ ಶಿಸ್ತು ಕಠಿಣವಾದದ್ದು. ಒಂದು ವರ್ಷ ತುಂಬುವ ಹೊತ್ತಿಗೆ ಮಗು ಬೆತ್ತಕ್ಕೆ ಅಂಜಬೇಕು, ಅತ್ತರೂ ಮೆಲ್ಲಗೆ ಅಳಬೇಕು. ಇಂದು ಇದನ್ನು ಯಾರೂ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೆ ಅವರ ಮನೆಯ ಕಟ್ಟಳೆಗಳನ್ನು ಓದುತ್ತಾ ಹೋದಂತೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಕೈಯನ್ನೂ ನಾಲಿಗೆಯನ್ನೂ ಕಟ್ಟುವಂಥವೆಂದು ತಿಳಿಯುತ್ತದೆ. ತಪ್ಪನ್ನು ತಾನಾಗಿ ಒಪ್ಪಿಕೊಂಡ ಮಗುವನ್ನು ಹೊಡೆಯುವಂತಿಲ್ಲ. ಒಮ್ಮೆ ಶಿಕ್ಷೆಯಾದ ತಪ್ಪನ್ನು ಮತ್ತೆ ಎತ್ತಿ ಆಡುವಂತಿಲ್ಲ. ಮೆಚ್ಚಿಸಬೇಕೆಂದು ಮಗು ಮಾಡಿದ ಕೆಲಸ ಕೆಟ್ಟರೂ ಅದನ್ನು ಪ್ರೀತಿಯಿಂದ ಸ್ವೀಕರಿಸಬೇಕು. ಕೊಟ್ಟ ಮಾತು ತಪ್ಪಬಾರದು. ಹೆಣ್ಣುಮಗು ಚೆನ್ನಾಗಿ ಓದಲು ಕಲಿಯುವವರೆಗೆ ಅದರ ಕೈಗೆ ಹೊಲಿಗೆ ಕೊಡಬಾರದು. ಕೋಪ ಬಂದ ಗಳಿಗೆಯಲ್ಲಿ ಇವನ್ನು ಪಾಲಿಸಬೇಕಾದವರು ತಾಯಿಯೇ. ಬಿಡುವು ಮಾಡಿಕೊಂಡು ಏಕಾಂತದಲ್ಲಿ ಪ್ರಾರ್ಥಿಸಿ, ತಮ್ಮ ಮನಸ್ಸನ್ನು ತಾವೇ ಶೋಧಿಸಿ ಬರೆದಿಡುವ ಅಭ್ಯಾಸವೂ ಅವರಿಗಿತ್ತು.

1709ರ ಫೆಬ್ರುವರಿಯ ಒಂದು ರಾತ್ರಿ ಮನೆ ಹೊತ್ತಿ ಉರಿಯಿತು. ಮೇಲಂತಸ್ತಿನಲ್ಲಿ ಸಿಕ್ಕಿಕೊಂಡಿದ್ದ ಐದು ವರ್ಷದ ಜಾನ್‌ನನ್ನು ಊರವರು ಕಿಟಕಿಯಿಂದ ಇಳಿಸಿದರು. ಮನೆ ಮತ್ತೆ ಏಳುವವರೆಗೆ ಮಕ್ಕಳು ಕಂಡವರ ಮನೆಗಳಲ್ಲಿ ಹಂಚಿಹೋದರು. ಕೆಟ್ಟ ಹಾಡು, ಒರಟು ಮಾತು ಕಲಿತು ಬಂದರು. ವರ್ಷಗಳ ಶ್ರಮ ನೀರುಪಾಲಾಯಿತು. ಸುಸನ್ನಾ ಮೊದಲಿನಿಂದ ಶುರುಮಾಡಿದರು. ಪಾಠದ ಆರಂಭಕ್ಕೂ ಕೊನೆಗೂ ಕೀರ್ತನೆ ಹಾಡುವ ಪದ್ಧತಿ ಬಂದದ್ದು ಆಗಲೇ. ದೊಡ್ಡ ಮಕ್ಕಳು ಚಿಕ್ಕವರನ್ನು ಕೂರಿಸಿಕೊಂಡು ಬೈಬಲ್ ಓದಿಸುವುದೂ ಮೊದಲಾಯಿತು.

ಈ ಹಂತದಲ್ಲಿ ಅವರನ್ನು ಅಲುಗಾಡಿಸಿದ್ದು ದಕ್ಷಿಣ ಭಾರತದಿಂದ ಹೋದ ವರದಿ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ ಸೀಗನ್‌ಬಾಲ್ಗ್ ಮತ್ತು ಪ್ಲೂಟ್ಶೌ ಎಂಬ ಮಿಷನರಿಗಳ ವೃತ್ತಾಂತವನ್ನು ಮಗಳು ಎಮಿಲಿ ತಂದೆಯ ಕೋಣೆಯಲ್ಲಿ ಕಂಡು ತಾಯಿಗೆ ಓದಿ ಹೇಳಿದಳು. ಅವರಷ್ಟು ದೂರ ಹೋಗಲಾಗದಿದ್ದರೂ ತಮ್ಮ ಮಡಿಲಲ್ಲಿರುವವರಿಗೆ ಇನ್ನೂ ಹೆಚ್ಚು ಮಾಡಬಹುದೆಂದು ಸುಸನ್ನಾ ಅವರಿಗೆ ತೋರಿತು. ಅಂದಿನಿಂದ ಪ್ರತಿ ಸಂಜೆ ಒಂದೊಂದು ಮಗುವಿನ ಜೊತೆ ಪ್ರತ್ಯೇಕವಾಗಿ ಕೂತು ಮಾತು: ಸೋಮವಾರ ಮಾಲಿ, ಮಂಗಳವಾರ ಹೆಟ್ಟಿ, ಬುಧವಾರ ನ್ಯಾನ್ಸಿ, ಗುರುವಾರ ಜಾನ್, ಶುಕ್ರವಾರ ಪ್ಯಾಟಿ, ಶನಿವಾರ ಚಾರ್ಲ್ಸ್, ಭಾನುವಾರ ಎಮಿಲಿ ಮತ್ತು ಸೂಕಿ. ಆರು ಗಂಟೆ ಎಲ್ಲರಿಗೂ ಒಟ್ಟಿಗೆ ಕಲಿಸಿದ ದಣಿವಿನ ಮೇಲೆ ಒಬ್ಬರ ಮಾತನ್ನು ಕಿವಿಗೊಟ್ಟು ಕೇಳುವ ಈ ಸಂಜೆ, ಅವರ ತಾಳ್ಮೆಯ ಅತ್ಯಂತ ಹದವಾದ ಫಲ.

ಮುಂದೆ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನಲ್ಲಿ ಅಧ್ಯಾಪಕರಾದ ಜಾನ್, ಆ ಗುರುವಾರದ ಸಂಜೆಯ ಸ್ವಲ್ಪ ಹೊತ್ತನ್ನು ಈಗಲೂ ತಮಗಾಗಿ ಮೀಸಲಿಡಿ ಎಂದು 1732ರಲ್ಲಿ ತಾಯಿಗೆ ಬರೆದರು. ಅದೇ ವರ್ಷದ ಜುಲೈ 24ರಂದು, ಮಗನ ಕೋರಿಕೆಯ ಮೇರೆಗೆ, ಸುಸನ್ನಾ ತಮ್ಮ ಪದ್ಧತಿಯನ್ನು ಪತ್ರವಾಗಿ ಬರೆದರು. ಮಕ್ಕಳ ಆತ್ಮಗಳ ಉದ್ಧಾರಕ್ಕಾಗಿ ಹರೆಯದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಪೂರ್ತಿ ಸವೆಸಲು ಒಪ್ಪುವವರು ಸಿಗುವುದೇ ವಿರಳ ಎಂಬ ಅವರ ಅನುಭವವೂ ಅವರ ಪತ್ರಗಳಲ್ಲಿದೆ. 1742ರಲ್ಲಿ ತಾಯಿ ತೀರಿಕೊಂಡಾಗ ಜಾನ್ ಆ ಪತ್ರವನ್ನು ತಮ್ಮ ದಿನಚರಿಯಲ್ಲಿ ಸೇರಿಸಿದರು, ಮುಂದೆ ಅದನ್ನು ಪ್ರಕಟಿಸಿದರು. ಎಪ್‌ವರ್ತ್ ಮನೆಯ ಕಟ್ಟಳೆಗಳು ಇಂದಿನವರೆಗೆ ಉಳಿದುಬಂದದ್ದು ಹೀಗೆ.