ಪಪೈರಸ್: ಜೊಂಡಿನ ಮೇಲೊಂದು ದಿನಚರಿ

ಪಪೈರಸ್ ನೈಲ್ ನದಿಯ ಜೌಗಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುತ್ತಿದ್ದ, ನಮ್ಮ ಜೇಕಿನ ಕುಟುಂಬಕ್ಕೆ ಸೇರಿದ ಸಸ್ಯ. ಪ್ರಾಚೀನ ಈಜಿಪ್ಟಿನವರು ಅದರ ಮೂರು ಮೂಲೆಯ ಕಾಂಡದ ಸಿಪ್ಪೆ ತೆಗೆದು, ಒಳಗಿನ ಬೆಂಡನ್ನು ತೆಳು ಪಟ್ಟಿಗಳಾಗಿ ಸೀಳುತ್ತಿದ್ದರು. ಉದ್ದಕ್ಕೊಂದು, ಅಡ್ಡಕ್ಕೊಂದು ಪದರ ಹಾಸಿ, ಒತ್ತಿ ಒಣಗಿಸಿದರೆ ಹಾಳೆ ಸಿದ್ಧ. ತೇವದಲ್ಲಿ ಅದು ಕೊಳೆಯುತ್ತದೆ. ಮರುಭೂಮಿಯ ಒಣಹವೆಯಲ್ಲಿ ಸಾವಿರಾರು ವರ್ಷ ಬಾಳುತ್ತದೆ.

2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಫ್ರೆಂಚ್ ವಿದ್ವಾಂಸ ಪಿಯರ್ ತಾಲೆ ಅವರ ತಂಡಕ್ಕೆ ದೊರೆತದ್ದು ಇಂಥವೇ ಹಾಳೆಗಳು. ಬರಹವಿರುವ ಪಪೈರಸ್‌ಗಳಲ್ಲಿ ಈವರೆಗೆ ಸಿಕ್ಕ ಅತಿ ಹಳೆಯವು ಇವು. ಸುಮಾರು 4,500 ವರ್ಷಗಳ ಹಿಂದಿನ ಮೆರೆರ್ ಎಂಬ ಮೇಲ್ವಿಚಾರಕನ ತಂಡದ ದಿನಚರಿ ಅವುಗಳಲ್ಲಿದೆ: ತುರಾದಲ್ಲಿ ಸುಣ್ಣಕಲ್ಲನ್ನು ದೋಣಿಗೇರಿಸಿದ್ದು, ಖುಫು ದೊರೆಯ ಪಿರಮಿಡ್ ಏಳುತ್ತಿದ್ದ ಗೀಜಾಕ್ಕೆ ಸಾಗಿಸಿದ್ದು.

ವಿದ್ಯಾರ್ಥಿ ಮಿತ್ರರೇ, ಪಿರಮಿಡ್ಡಿನಿಂದ ನಮಗೆ ದೊರೆಯ ಪರಿಚಯವಾಗುತ್ತದೆ. ಕಲ್ಲು ಸಾಗಿಸಿದವರ ನಿತ್ಯದ ದುಡಿಮೆ ತಿಳಿದದ್ದು ಈ ಜೊಂಡಿನ ಹಾಳೆಗಳಿಂದ.