ಗುದ್ದು ಹುಟ್ಟುವ ಜಾಗ

ಬಾಕ್ಸರ್‌ನ ಗುದ್ದಿಗೆ ಬಲ ಎಲ್ಲಿಂದ ಬರುತ್ತದೆ? ನೋಡುವವರ ಕಣ್ಣೆಲ್ಲ ಮುಷ್ಟಿಯ ಮೇಲೆ, ಹೆಚ್ಚೆಂದರೆ ಹೆಗಲಿನ ಮೇಲೆ. 1983ರಲ್ಲಿ ಸೋವಿಯತ್ ಒಕ್ಕೂಟದ ಫಿಲಿಮೊನೊವ್ ಮತ್ತು ಸಂಗಡಿಗರು 120 ಬಾಕ್ಸರ್‌ಗಳ ಗುದ್ದನ್ನು ಅಳೆದು ನೋಡಿದರು. ನುರಿತವರಲ್ಲಿ ಬಲದ ಸುಮಾರು ಶೇ. 38ರಷ್ಟು ಕಾಲಿನಿಂದ, ಶೇ. 37ರಷ್ಟು ಸೊಂಟ ಮತ್ತು ಮುಂಡದ ತಿರುವಿನಿಂದ ಬರುತ್ತಿತ್ತು. ತೋಳಿನ ಪಾಲು ಶೇ. 24 ಮಾತ್ರ. ಹೊಸಬರಲ್ಲಿ ಕಾಲಿನ ಪಾಲು ಶೇ. 17ಕ್ಕಿಂತ ಕೆಳಗಿತ್ತು, ತೋಳಿನದು ಶೇ. 38ರ ಹತ್ತಿರ ಇತ್ತು. ಕಾಲು ನೆಲವನ್ನು ಒತ್ತಿದಾಗ ಹುಟ್ಟಿದ ಬಲ ಮೊಣಕಾಲು, ಸೊಂಟ, ಬೆನ್ನು ಹಾದು ಮುಷ್ಟಿ ಮುಟ್ಟುತ್ತದೆ. ಕಲಿಯದವನಲ್ಲಿ ಅದು ದಾರಿಯಲ್ಲೇ ಸೋರಿಹೋಗುತ್ತದೆ. ಈ ಅಂಕಿಗಳು ಕೈಗೆ ಬರುವುದಕ್ಕೆ ಎಷ್ಟೋ ಮೊದಲೇ ರಿಂಗಿನ ಪಕ್ಕದ ಗುರುಗಳು ಕಾಲಿನ ಮಹತ್ವವನ್ನು ತಡಕಾಡಿ ಕಂಡುಕೊಂಡಿದ್ದರು. ಭಾರ ಎತ್ತಿ ಬಲ ಬೆಳೆಸುವ ವಿಚಾರಕ್ಕೆ ಮಾತ್ರ ಅವರು ಬಹಳ ಕಾಲ ಬಾಗಿಲು ತೆರೆಯಲಿಲ್ಲ.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬಾಕ್ಸಿಂಗ್ ಎಂದರೆ ಇಬ್ಬರು ಎದುರುಬದುರು ಊರಿ ನಿಂತು, ಒಬ್ಬ ಬೀಳುವ ತನಕ ಬರಿಗೈಲಿ ಗುದ್ದಾಡುವುದು. ಅಲ್ಲಿಗೆ ಬಂದವನು ಡೇನಿಯಲ್ ಮೆಂಡೋಜಾ. ಎತ್ತರ ಐದಡಿ ಏಳಂಗುಲ, ತೂಕ ಸುಮಾರು 72 ಕಿಲೋ. ತನಗಿಂತ ದೊಡ್ಡ ಆಳುಗಳ ಎದುರು ಊರಿ ನಿಂತರೆ ಉಳಿಗಾಲವಿಲ್ಲ ಎಂದು ತಿಳಿದ ಅವನು ಪಕ್ಕಕ್ಕೆ ಸರಿಯುವುದನ್ನು, ಏಟು ತಪ್ಪಿಸಿ ಎಡಗೈ ಚಾಚುವುದನ್ನು ಒಂದು ವಿದ್ಯೆಯಾಗಿ ಕಟ್ಟಿದ. 1789ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ, 1792ರಿಂದ 1795ರವರೆಗೆ ಚಾಂಪಿಯನ್ ಆಗಿದ್ದ. ಫುಟ್‌ವರ್ಕ್ ಎಂದು ಇಂದು ಎಲ್ಲ ಜಿಮ್‌ಗಳಲ್ಲೂ ಕಲಿಸುವ ಪಾಠದ ಮೊದಲ ದೊಡ್ಡ ಗುರು ಅವನೇ.

ದಮ್ಮು ಬೆಳೆಸುವ ತಾಲೀಮಿಗೆ ಹೆಸರಾದವನು ಸ್ಕಾಟ್ಲೆಂಡಿನ ಕ್ಯಾಪ್ಟನ್ ಬಾರ್ಕ್ಲೇ. 1809ರಲ್ಲಿ 1,000 ಗಂಟೆಗಳಲ್ಲಿ, ಗಂಟೆಗೊಂದರಂತೆ 1,000 ಮೈಲಿ ನಡೆದ ಛಲಗಾರ. 1811ರಲ್ಲಿ ಟಾಮ್ ಮೊಲಿನೋ ಜೊತೆಗಿನ ಮರುಪಂದ್ಯಕ್ಕಾಗಿ ಟಾಮ್ ಕ್ರಿಬ್‌ನನ್ನು ತನ್ನ ಊರಿಗೆ ಕರೆದೊಯ್ದ. ಭೇದಿ ಔಷಧ, ಕಂಬಳಿ ಹೊದಿಸಿ ಬೆವರಿಳಿಸುವುದು, ದಿನಕ್ಕೆ ಹತ್ತಾರು ಮೈಲಿ ನಡಿಗೆ, ಮಾಂಸ, ಹಳೆಯ ಬ್ರೆಡ್ಡು, ಬಿಯರ್ ಅವನ ಪದ್ಧತಿ. ತರಕಾರಿ ಇಲ್ಲ, ನೀರೂ ಅಷ್ಟಕ್ಕಷ್ಟೆ. ಇಂದಿನ ಯಾವ ವೈದ್ಯರೂ ಇದನ್ನು ಒಪ್ಪುವುದಿಲ್ಲ. ಆದರೂ ನೂರು ಕಿಲೋ ದಾಟಿದ್ದ ಕ್ರಿಬ್ 85ರ ಆಸುಪಾಸಿಗೆ ಇಳಿದು, ಹನ್ನೊಂದು ಸುತ್ತುಗಳಲ್ಲಿ ಗೆದ್ದ. ಪಂದ್ಯಕ್ಕೆ ಮುನ್ನ ವಾರಗಟ್ಟಲೆ ಊರಾಚೆ ಕ್ಯಾಂಪು ಹೂಡುವ ರೂಢಿಗೆ ಈ ಗೆಲುವು ದೊಡ್ಡ ಬಲ ಕೊಟ್ಟಿತು.

ಅದೇ ರೂಢಿ ಅಮೆರಿಕದಲ್ಲಿ 1889ರಲ್ಲಿ ಮತ್ತೆ ಕಾಣುತ್ತದೆ. ಕುಡಿತದಿಂದ ಮೈ ಕೆಡಿಸಿಕೊಂಡಿದ್ದ ಜಾನ್ ಎಲ್. ಸಲಿವನ್‌ನನ್ನು ಕುಸ್ತಿಪಟು ವಿಲಿಯಂ ಮುಲ್ಡೂನ್ ತನ್ನ ತೋಟದಲ್ಲಿ ಇರಿಸಿಕೊಂಡು ಪಳಗಿಸಿದ. ಆ ಜುಲೈನಲ್ಲಿ ಮಿಸಿಸಿಪಿಯ ಸುಡುಬಿಸಿಲಲ್ಲಿ ಸಲಿವನ್ ಜೇಕ್ ಕಿಲ್ರೇನ್ ಎದುರು 75 ಸುತ್ತು, ಎರಡು ಗಂಟೆಗೂ ಮೀರಿ ನಿಂತು ಗೆದ್ದ.

ಮೂರೇ ವರ್ಷದ ನಂತರ ಅದೇ ಸಲಿವನ್ 21ನೇ ಸುತ್ತಿನಲ್ಲಿ ನೆಲಕ್ಕುರುಳಿದ. ಈ ಬಾರಿ ಪಂದ್ಯ ಕ್ವೀನ್ಸ್‌ಬೆರಿ ನಿಯಮದ್ದು: ಕೈಗೆ ಗ್ಲೌಸ್, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ. ಎದುರಾಳಿ ಜೇಮ್ಸ್ ಕಾರ್ಬೆಟ್ ಅವನಿಗಿಂತ ಸುಮಾರು ಹದಿನೈದು ಕಿಲೋ ಹಗುರ, ಸದಾ ಚಲಿಸುತ್ತಲೇ ಇದ್ದವನು. ಜಿಮ್ಮಿನ ಗಂಟೆ ಇವತ್ತಿಗೂ ಮೂರು ನಿಮಿಷಕ್ಕೊಮ್ಮೆ ಬಾರಿಸುತ್ತದೆ. ಸ್ಕಿಪ್ಪಿಂಗ್, ಶ್ಯಾಡೋ ಬಾಕ್ಸಿಂಗ್, ಬ್ಯಾಗ್ ಎಲ್ಲವೂ ಆ ಅಳತೆಯಲ್ಲೇ ನಡೆಯುತ್ತವೆ. ನಿಯಮದ ಗಡಿಯಾರ ಬದಲಾದಾಗಲೆಲ್ಲ ಬಾಕ್ಸರ್‌ನ ಮೈಯೂ ಬದಲಾಗಬೇಕಾಯಿತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಾಲಿನ ಕೆಲಸ ಬಹಳ ಸೂಕ್ಷ್ಮವಾಯಿತು. ಜೀನ್ ಟನ್ನಿ ತಾಲೀಮಿನಲ್ಲಿ ಹಿಮ್ಮುಖವಾಗಿ ಓಡುತ್ತಿದ್ದ. ಕಂಡವರಿಗೆ ಅದು ವಿಚಿತ್ರ ಅನ್ನಿಸಿರಬಹುದು. 1927ರ ಸೆಪ್ಟೆಂಬರಿನಲ್ಲಿ ಷಿಕಾಗೋದಲ್ಲಿ ಜ್ಯಾಕ್ ಡೆಂಪ್ಸಿ ಏಳನೇ ಸುತ್ತಿನಲ್ಲಿ ಅವನನ್ನು ಕೆಡವಿದಾಗ, ಎದ್ದ ಟನ್ನಿಯನ್ನು ಕಾಪಾಡಿದ್ದು ಅದೇ ಹಿಂದಡಿಯ ಅಭ್ಯಾಸ. ಡೆಂಪ್ಸಿ ಅಟ್ಟಿಸಿಕೊಂಡು ಬಂದ, ಟನ್ನಿ ಹಿಂದೆ ಹಿಂದೆ ಸುತ್ತುತ್ತ ಸುತ್ತನ್ನು ಮುಗಿಸಿದ, ಕೊನೆಗೆ ಪಂದ್ಯವನ್ನೂ ಗೆದ್ದ. ಜೋ ಲೂಯಿಸ್‌ಗೆ ಜ್ಯಾಕ್ ಬ್ಲ್ಯಾಕ್‌ಬರ್ನ್ ಕಲಿಸಿದ್ದು ಬೇರೆ ಬಗೆ: ಚಿಕ್ಕ ಚಿಕ್ಕ ಹೆಜ್ಜೆ, ಕಾಲು ನೆಲಬಿಡದೆ ಜಾರುವ ನಡೆ, ಯಾವ ಗಳಿಗೆಯಲ್ಲೂ ಗುದ್ದಲು ಸಿದ್ಧವಾದ ನಿಲುವು. ಮುಂದೆ ಮಹಮ್ಮದ್ ಅಲಿ ಹೆವಿವೇಟ್ ಮೈಯಲ್ಲಿ ಹಗುರ ತೂಕದವರ ವೇಗ ತಂದ. 1966ರಲ್ಲಿ ಹ್ಯೂಸ್ಟನ್ನಿನಲ್ಲಿ ಕ್ಲೀವ್‌ಲೆಂಡ್ ವಿಲಿಯಮ್ಸ್ ಎದುರು ಆಡಿದ ಆ ಮೂರು ಸುತ್ತುಗಳನ್ನು ಇಂದಿನ ಕೋಚ್‌ಗಳು ಪಾಠದಂತೆ ತೋರಿಸಿದರೂ ತಪ್ಪಿಲ್ಲ. ಆಮೇಲೆ ಬಂದ ಮೂರೂವರೆ ವರ್ಷದ ನಿಷೇಧ ಮುಗಿಸಿ ಅಲಿ ಮರಳಿದಾಗ ಆ ಕಾಲು ಇರಲಿಲ್ಲ.

ಇಷ್ಟೆಲ್ಲ ಆದರೂ ಬಾರ್‌ಬೆಲ್ ಮಾತ್ರ ನಿಷಿದ್ಧ. ಮಾಂಸಖಂಡ ಊದಿದರೆ ಮೈ ಬಿಗಿದು ಕೈ ನಿಧಾನವಾಗುತ್ತದೆ ಎಂಬುದು ತಲೆಮಾರುಗಳ ನಂಬಿಕೆ. ಸೌದೆ ಒಡೆಯಬಹುದು, ಮೆಡಿಸಿನ್ ಬಾಲನ್ನು ಹೊಟ್ಟೆಗೆ ಎಸೆಸಿಕೊಳ್ಳಬಹುದು, ಬೆಳಗಿನ ಜಾವ ಮೈಲಿಗಟ್ಟಲೆ ರೋಡ್‌ವರ್ಕ್ ಮಾಡಬಹುದು, ಭಾರ ಎತ್ತುವಂತಿಲ್ಲ.

ಆ ನಂಬಿಕೆಗೆ ಬಲವಾದ ಏಟು ಬಿದ್ದದ್ದು 1985ರ ಸೆಪ್ಟೆಂಬರ್ 21ರಂದು, ಲಾಸ್ ವೇಗಸ್‌ನಲ್ಲಿ. 79 ಕಿಲೋ ವರ್ಗದ ಚಾಂಪಿಯನ್ ಮೈಕಲ್ ಸ್ಪಿಂಕ್ಸ್, 48 ಪಂದ್ಯಗಳಲ್ಲಿ ಸೋಲೇ ಕಾಣದ ಹೆವಿವೇಟ್ ಲ್ಯಾರಿ ಹೋಮ್ಸ್‌ಗೆ ಸವಾಲು ಹಾಕಿದ್ದ. ಸ್ಪಿಂಕ್ಸ್‌ನ ತಾಲೀಮು ನೋಡಿಕೊಂಡ ನ್ಯೂ ಆರ್ಲಿಯನ್ಸ್‌ನ ಮ್ಯಾಕಿ ಶಿಲ್‌ಸ್ಟೋನ್ ಉದ್ದದ ನಿಧಾನ ಓಟ ಬಿಡಿಸಿ, ವಿರಾಮವನ್ನು ಅಳೆದು ಕೊಡುವ ವೇಗದ ಓಟಗಳನ್ನು ಹಾಕಿಸಿದ, ಭಾರ ಎತ್ತಿಸಿದ, ಊಟ ಹೆಚ್ಚಿಸಿದ. ಸುಮಾರು 91 ಕಿಲೋ ತೂಗಿದ ಸ್ಪಿಂಕ್ಸ್ 15 ಸುತ್ತೂ ಚುರುಕಾಗಿ ಆಡಿ ಗೆದ್ದ. ಮೈ ಬೆಳೆದರೂ ಕಾಲು ನಿಧಾನವಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಇವಾಂಡರ್ ಹೋಲಿಫೀಲ್ಡ್ ಅದೇ ದಾರಿ ಹಿಡಿದು, ದೇಹದಾರ್ಢ್ಯ ಪಟು ಲೀ ಹೇನಿಯ ನೆರವಿನಿಂದ ಮೈ ಕಟ್ಟಿ, 1990ರಲ್ಲಿ ಹೆವಿವೇಟ್ ಪಟ್ಟ ಗೆದ್ದ.

ಅಷ್ಟರಲ್ಲಿ ಗಡಿಯಾರ ಮತ್ತೊಮ್ಮೆ ಬದಲಾಗಿತ್ತು. 1982ರ ನವೆಂಬರಿನಲ್ಲಿ ರೇ ಮ್ಯಾನ್ಸಿನಿ ಎದುರು 14ನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಡುಕ್ ಕೂ ಕಿಮ್ ತೀರಿಕೊಂಡ. ಅದಾದ ಮೇಲೆ ಪಟ್ಟದ ಪಂದ್ಯಗಳು ಕ್ರಮೇಣ 15ರಿಂದ 12 ಸುತ್ತಿಗೆ ಇಳಿದವು. ವೇಗಕ್ಕೆ ಬೆಲೆ ಹೆಚ್ಚಿತು, ಆದರೆ ದಮ್ಮಿನ ಬೆಲೆ ತಗ್ಗಲಿಲ್ಲ. ಎರಡು ನಿಮಿಷದ ಮೂರು ಸುತ್ತುಗಳ ಹವ್ಯಾಸಿ ಆಟವನ್ನು ಪರೀಕ್ಷಿಸಿದ 2014ರ ಅಧ್ಯಯನವೊಂದರಲ್ಲಿ ಶಕ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಆಮ್ಲಜನಕ ಬಳಸುವ ಮಾರ್ಗದಿಂದಲೇ ಬಂದಿತ್ತು. ಬೆಳಗಿನ ಜಾವದ ಓಟವನ್ನು ಹಳಬರು ಪೂರಾ ತಪ್ಪು ತಿಳಿದಿರಲಿಲ್ಲ.

ಇತ್ತ ಕ್ಯೂಬಾದಲ್ಲಿ ಕೋಚ್ ಅಲ್ಸಿಡೆಸ್ ಸಗಾರ್ರಾ ಸೋವಿಯತ್ ವಿಧಾನವನ್ನು ತಮ್ಮ ನೆಲದ ಲಯಕ್ಕೆ ಒಗ್ಗಿಸಿ ಕಟ್ಟಿದ ಶಾಲೆ ಟಿಯೋಫಿಲೋ ಸ್ಟೀವನ್‌ಸನ್‌ನಂಥ ಮೂರು ಒಲಿಂಪಿಕ್ ಚಿನ್ನಗಳ ಬಾಕ್ಸರ್‌ನನ್ನು ಕೊಟ್ಟಿತು. ಉಕ್ರೇನಿನ ಅನಾಟೊಲಿ ಲೊಮಾಚೆಂಕೊ ಮಗ ವಾಸಿಲ್‌ನನ್ನು ಬಾಲ್ಯದಲ್ಲಿ ಬಾಕ್ಸಿಂಗಿನಿಂದ ಬಿಡಿಸಿ ಜನಪದ ನೃತ್ಯ ಕಲಿಯಲು ಕಳಿಸಿದ. ಎದುರಾಳಿಯ ಮುಂಗಾಲಿನ ಹೊರಗೆ ಹೆಜ್ಜೆಯಿಟ್ಟು, ಅವನು ತಿರುಗುವಷ್ಟರಲ್ಲಿ ಪಕ್ಕದಿಂದ ಗುದ್ದುವ ವಾಸಿಲ್‌ನ ಕಲೆ 2008 ಮತ್ತು 2012ರಲ್ಲಿ ಒಲಿಂಪಿಕ್ ಚಿನ್ನ ತಂದಿತು.

ಭಾರತಕ್ಕೆ ಕ್ಯೂಬಾದ ಪಾಠ ತಂದವರು ಬ್ಲಾಸ್ ಇಗ್ಲೇಷಿಯಸ್ ಫರ್ನಾಂಡಿಸ್. 1990ರಿಂದ ನಮ್ಮ ಬಾಕ್ಸರ್‌ಗಳ ಜೊತೆ ದುಡಿದ ಅವರಿಗೆ 2012ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು; ಆ ಗೌರವ ಪಡೆದ ಮೊದಲ ವಿದೇಶಿ ಕೋಚ್ ಅವರು. ಈ ನಡುವೆ 2008ರಲ್ಲಿ ಭಿವಾನಿಯ ವಿಜೇಂದರ್ ಸಿಂಗ್ ಬೀಜಿಂಗ್‌ನಲ್ಲಿ ಕಂಚು ಗೆದ್ದಿದ್ದರು. ಮೇರಿ ಕೋಮ್ ಅವರ ಕಷ್ಟ ಬೇರೆಯದು. 45, 46, 48 ಕಿಲೋ ವರ್ಗಗಳಲ್ಲಿ ಐದು ಬಾರಿ ವಿಶ್ವ ಚಾಂಪಿಯನ್ ಆದ ಅವರಿಗೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಅತಿ ಹಗುರ ವರ್ಗವೇ 51 ಕಿಲೋ. ಎತ್ತರದ, ತೂಕದ ಎದುರಾಳಿಗಳಿಗೆ ಸಮನಾಗುವಷ್ಟು ಬಲ ಬೇಕು, ಕಾಲಿನ ಚುರುಕೂ ಉಳಿಯಬೇಕು. ಅಲ್ಲಿ ಅವರು ಗೆದ್ದ ಕಂಚನ್ನು ಈ ಲೆಕ್ಕದಲ್ಲೇ ತೂಗಬೇಕು.

ಕರ್ನಾಟಕದಲ್ಲಿ ಬಾಕ್ಸಿಂಗ್ ತಾಲೀಮಿನ ಈ ವಿಜ್ಞಾನ ನೆಲೆ ಕಂಡದ್ದು ಬಳ್ಳಾರಿ ಜಿಲ್ಲೆಯ ವಿಜಯನಗರ ಟೌನ್‌ಶಿಪ್ಪಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. 2018ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಬಾಕ್ಸಿಂಗ್ ಕೋಚ್‌ಗಳ ಜೊತೆಗೆ ಬಲದ ತರಬೇತಿ, ಫಿಸಿಯೋಥೆರಪಿ, ಆಹಾರ ನೋಡಿಕೊಳ್ಳುವವರೂ ಒಂದೇ ಸೂರಿನಡಿ ಇದ್ದಾರೆ. ಅಲ್ಲಿ ಪಳಗಿದ ಹರಿಯಾಣದ ನಿಶಾಂತ್ ದೇವ್ 2023ರ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್ ಮುಟ್ಟಿದರು, 2025ರಲ್ಲಿ ವೃತ್ತಿಪರ ರಿಂಗಿಗೆ ಇಳಿದರು. ಒಂಬತ್ತು ನಿಮಿಷದ ಒಲಿಂಪಿಕ್ ಆಟಕ್ಕೆ ಹದಗೊಂಡ ಮೈಯನ್ನು ಅವರು ಈಗ ಹಂತಹಂತವಾಗಿ 12 ಸುತ್ತಿನ ಪಂದ್ಯಗಳತ್ತ ಒಯ್ಯಬೇಕಿದೆ.